ಭಾವ ಬಿತ್ತಿದ ಕಂಬಗಳು

ಅಚ್ಚುಕಟ್ಟುತನದಿಂದ ಹಾಳಾದವರ ಪಟ್ಟಿಯನ್ನು ಯಾರಾದರೂ ಮಾಡಿದರೆ ನನ್ನ ಅಕ್ಕನ ಗಂಡನ ಹೆಸರು ಅದರ ತಲೆಯಲ್ಲೇ ಇರುತ್ತದೆ. ಆ ಪಟ್ಟಿಗೆ ಗೆರೆ ಎಳೆದು ಕೊಟ್ಟವರೂ ಅವರೇ ಆಗಿರುತ್ತಾರೆ.

ಭಾವ ಊರಾಚೆಯ ದೊಡ್ಡ ಬಂಗಲೆಯ ಮೇಲ್ವಿಚಾರಕರು. ಬಂಗಲೆಗೆ ಇನ್ನೂರು ವರ್ಷ ದಾಟಿದೆ. ಅಲ್ಲಿ ಈಗ ವಾಸವಾಗಿರುವುದು ಒಂದು ಟ್ರಸ್ಟು ಮತ್ತು ಪಾರಿವಾಳಗಳು. ಟ್ರಸ್ಟು ಮುಂಬಾಗಿಲ ಪಕ್ಕದ ಕೋಣೆಯಲ್ಲಿ, ಪಾರಿವಾಳಗಳು ಉಳಿದೆಲ್ಲ ಕಡೆ. ಹಿಂದುಗಡೆ, ಕುದುರೆ ಲಾಯಕ್ಕೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಭಾವ, ಅಕ್ಕ, ಮತ್ತು ಕೆಲಸ ಹುಡುಕುವುದನ್ನೇ ಕೆಲಸ ಮಾಡಿಕೊಂಡಿದ್ದ ನಾನು.

ಭಾವ ಬೀಗದ ಕೈಗಳನ್ನು ಎತ್ತರದ ಪ್ರಕಾರ ನೇತುಹಾಕುತ್ತಾರೆ. ಸಾಲು ತಪ್ಪಿದ ಇರುವೆ ಕಂಡರೆ ನಿಂತು ನಿಟ್ಟುಸಿರು ಬಿಡುತ್ತಾರೆ. ಇನ್ನು ಅವರು ಹಾಕುವ ಗಂಟು: ಮೂರು ಸುತ್ತು, ಎರಡೂ ತುದಿ ಒಂದೇ ಉದ್ದ, ಎಳೆ ಬಿಡದಿರಲೆಂದು ತುದಿಗಳಿಗೆ ಬೆಂಕಿಕಡ್ಡಿಯ ಬಿಸಿ. ಸಕ್ಕರೆ ಚೀಲದಿಂದ ಹಾಸಿಗೆ ಸುರುಳಿಯವರೆಗೆ ಮನೆಯಲ್ಲಿ ಎಲ್ಲಕ್ಕೂ ಅದೇ ಗಂಟು.

"ಇವರು ಕಟ್ಟಿದ್ದನ್ನ ಬಿಚ್ಚೋದಕ್ಕೆ ಭೂಮಿ ಮೇಲೆ ನಾನೊಬ್ಬಳೇ ಹುಟ್ಟಿರೋದು" ಎಂದು ಅಕ್ಕ ಗೊಣಗುವಳು. ಗೊಣಗುತ್ತಲೇ ಎಡ ತುದಿಯನ್ನು ಒಳಕ್ಕೆ ತಳ್ಳಿ, ಬಲ ತುದಿಯನ್ನು ಒಮ್ಮೆ ಜಗ್ಗುವಳು. ಗಂಟು ಬಿಚ್ಚಿಕೊಳ್ಳುತ್ತಿತ್ತು. ಬೇರೆಯವರು ಹಲ್ಲು ಹಚ್ಚಿದರೆ ಹಲ್ಲು ಬಿಚ್ಚಿಕೊಳ್ಳುತ್ತಿತ್ತು.

ಟ್ರಸ್ಟಿನ ಅಧ್ಯಕ್ಷರು ನಮ್ಮ ಸೋದರಮಾವ. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತರು. ಇಲಾಖೆ ಬಿಟ್ಟರೂ ತೂಕ ಬಿಟ್ಟಿರಲಿಲ್ಲ, ಅಳತೆ ಮಾತ್ರ ಎಂದೋ ಮೀರಿತ್ತು. ಭಾವನಿಗೆ ಈ ಕೆಲಸ ಕೊಡಿಸಿದವರು ಅವರೇ. ನಿವೃತ್ತಿಯಾದ ಮೇಲೆ ಮಣ್ಣಿನ ಶಿಲ್ಪ ಕಲಿಯಲು ಹೋಗಿ, ಮೊದಲ ಕೃತಿಯಾಗಿ ತಮ್ಮದೇ ತಲೆಯನ್ನು ಮಾಡಿದರು. ಕುತ್ತಿಗೆ ನಿಲ್ಲದೆ ವಾಲಿತು. ಒಳಗೊಂದು ದಪ್ಪ ಕಬ್ಬಿಣದ ಸರಳು ತುರುಕಿ, ಸುಟ್ಟು, ಅಕ್ಕನಿಗೆ ಉಡುಗೊರೆ ಕೊಟ್ಟರು. ಆ ತಲೆಯನ್ನು ನಾನು ವರ್ಣಿಸಲಾರೆ. ಅದು ಊಟದ ಮೇಜಿನ ಎದುರಿಗಿತ್ತು, ನಾವು ಮೂವರೂ ತೆಳ್ಳಗಾದೆವು ಎಂದಷ್ಟೇ ಹೇಳಬಲ್ಲೆ.

ಹೋದ ವರ್ಷ ಒಂದು ಬೆಳಿಗ್ಗೆ, ಅಕ್ಕ ಪೇಟೆಗೆ ಹೋಗಿದ್ದಾಗ, ಭಾವ ಆ ತಲೆಯ ಧೂಳು ಒರೆಸಿದರು. ಧೂಳಿನ ಜೊತೆ ಮೂಗೂ ಬಂತು.

ಅವತ್ತೇ ಮಧ್ಯಾಹ್ನ ಊಟಕ್ಕೆ ಮಾವ ಬರುವವರಿದ್ದರು. ಭಾವ ಬಡಗಿಯ ಅಂಟು ಹಚ್ಚಿ ಮೂಗನ್ನು ಮತ್ತೆ ಕೂರಿಸಿದರು. ಅವಸರದಲ್ಲಿ ಅದು ತಲೆಕೆಳಗಾಗಿ ಕೂತಿತು. ಹೊಳ್ಳೆಗಳೆರಡೂ ಸೂರು ನೋಡುತ್ತಿದ್ದವು. ಕೀಳಲು ಹೋದರೆ ಬರಲಿಲ್ಲ. ಈ ಲೋಕದಲ್ಲಿ ತಪ್ಪಾಗಿ ಅಂಟಿದ್ದೇ ಗಟ್ಟಿ. ಭಾವ ತಲೆಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು, ಬಾಯಿ ಕಟ್ಟಿದರು, ಬಂಗಲೆಯ ಹಿಂದಿನ ಹುಲ್ಲುಹಾಸಿನಲ್ಲಿ ಆಳವಾಗಿ ಹೂತು ಹುಲ್ಲನ್ನು ಬಾಚಿ ಸರಿಮಾಡಿದರು. ಮನೆಗೆ ಬಂದು ಕೈ ತೊಳೆದುಕೊಂಡು, ಟವೆಲನ್ನು ಅದರ ಮಡಿಕೆಯಲ್ಲೇ ಮಡಿಸಿಟ್ಟು, ಆಮೇಲೆ "ಅಯ್ಯೋ, ಕಳ್ಳರು!" ಎಂದು ಕೂಗಿದರು.

ಅಕ್ಕ ಅತ್ತಳು. ಬಂದ ಇನ್ಸ್‌ಪೆಕ್ಟರೇ ಕರವಸ್ತ್ರ ಕೊಡುವಷ್ಟು ಅತ್ತಳು. ಮಾವ ಮಾತ್ರ ಅಳಲಿಲ್ಲ. ಕೋಣೆಯನ್ನೊಮ್ಮೆ ಸುತ್ತಿ ನೋಡಿದರು. ಅವರ ಎದೆ ನಿಧಾನವಾಗಿ ಉಬ್ಬತೊಡಗಿತು.

"ಟೀವಿ ಇಲ್ಲೇ ಇದೆ. ಬೆಳ್ಳಿ ಚಮಚ ಇಲ್ಲೇ ಇದೆ. ಕದ್ದಿದ್ದು ಏನನ್ನ? ನನ್ನ ಕಲೇನ! ಕಳ್ಳನಾದ್ರೂ ಕಣ್ಣಿರೋ ಕಳ್ಳ ಕಣಯ್ಯಾ, ಏನಂತೀಯಾ?"

ಭಾವ ಬೆಳ್ಳಿ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸತೊಡಗಿದರು. ಅಂದಿನಿಂದ ಮಾವ ಬರೀ ಕಲಾವಿದರಲ್ಲ, ಕಳುವಾದ ಕಲಾವಿದರು. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಆ ಕಥೆ ಹೇಳುತ್ತಿದ್ದರು. ಬೇರೆ ಕಲಾವಿದರನ್ನು ಕಂಡರೆ "ನಿಮ್ಮದೇನಾದ್ರೂ ಕಳುವಾಗಿದೆಯಾ?" ಎಂದು ಮರುಕದಿಂದ ಕೇಳುತ್ತಿದ್ದರು. ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಸೋತ ಭಾವ ಒಂದು ದಿನ ಅದನ್ನು ನನ್ನ ಹೊಟ್ಟೆಗೂ ಇಳಿಸಿದರು. ಅಕ್ಕನಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಹೀಗಿರುವಾಗ ಮಾವನ ತಲೆಗೆ (ಮಣ್ಣಿನದಕ್ಕಲ್ಲ, ಕತ್ತಿನ ಮೇಲಿರುವುದಕ್ಕೆ) ಇನ್ನೊಂದು ಯೋಚನೆ ಹೊಳೆಯಿತು. ಈ ಬಂಗಲೆ ಕಟ್ಟುವ ಮೊದಲು ಇಲ್ಲೇ ಎಲ್ಲೋ ಇನ್ನೊಂದು ಮನೆ ಇತ್ತಂತೆ, ಸುಟ್ಟುಹೋಯಿತಂತೆ. ಅದನ್ನು ನೆಲದಿಂದ ಎತ್ತಿ ಜಗತ್ತಿಗೆ ತೋರಿಸಬೇಕು. ಒಂದು ಸೋಮವಾರ ಪುರಾತತ್ವದವರ ವ್ಯಾನು ಬಂದು ನಿಂತಿತು.

ಅದೇ ತಿಂಗಳ ಕೊನೆಗೆ ಭಾವನ ಕೆಲಸದ ಅವಧಿ ಮುಗಿಯುತ್ತಿತ್ತು. ಮುಂದುವರಿಸಬೇಕಾದರೆ ಮಾವನ ಸಹಿ ಬೇಕು. ಸಹಿ ಬಿದ್ದರೆ ಎರಡು ಕೋಣೆ, ಬೀಳದಿದ್ದರೆ ಬೀದಿ. ಇದು ಭಾವನಿಗೆ ಗೊತ್ತಿತ್ತು, ಅಕ್ಕನಿಗೆ ಗೊತ್ತಿತ್ತು. ನನಗಂತೂ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಬೀದಿಯಲ್ಲಿ ಭಾವಮೈದುನನಿಗೆ ಬೇರೆ ಕೋಣೆ ಇರುವುದಿಲ್ಲ.

ತಂಡದ ಮುಖ್ಯಸ್ಥೆ ಒಬ್ಬ ಮೇಡಂ. ದೊಡ್ಡ ಟೋಪಿ, ಮಂಡಿಗೆ ದಿಂಬು, ಜೇಬಿನಲ್ಲಿ ಕರಣೆ. ಅವರ ಬಾಯಲ್ಲಿ 'ಹೌದು' ಎಂಬ ಮಾತೂ ಇರಲಿಲ್ಲ, 'ಇಲ್ಲ' ಎಂಬ ಮಾತೂ ಇರಲಿಲ್ಲ. ಇದ್ದದ್ದು ಒಂದೇ.

"ಮೇಡಂ, ಇವತ್ತು ಬುಧವಾರ ಅಲ್ವಾ?" ಎಂದು ನಾನು ಕೇಳಿದರೆ, ಆಕಾಶ ನೋಡಿ ಹೇಳಿದರು: "ಇರಬಹುದು."

ಮೊದಲು ಅಗೆಯುವುದಿಲ್ಲವಂತೆ. ಒಂದು ಯಂತ್ರ ಹೊತ್ತುಕೊಂಡು ನೆಲದ ಮೇಲೆ ಗೆರೆ ಹಿಡಿದು ನಡೆಯುವುದಂತೆ. ನೆಲದೊಳಗೆ ಕಬ್ಬಿಣವಿದ್ದರೆ, ಸುಟ್ಟ ಮಣ್ಣಿದ್ದರೆ, ಹಳೆಯ ಒಲೆ ಇದ್ದರೆ ಅದರ ಕಾಂತಶಕ್ತಿಯನ್ನು ಯಂತ್ರ ಹಿಡಿದು ಚಿತ್ರದಲ್ಲಿ ಕಪ್ಪು ಚುಕ್ಕೆಯಾಗಿ ತೋರಿಸುತ್ತದಂತೆ.

"ಸುಟ್ಟ ಮಣ್ಣೂ ಕಾಣುತ್ತಾ?" ಎಂದು ಭಾವ ಕೇಳಿದರು.

"ಚೆನ್ನಾಗೇ ಕಾಣುತ್ತೆ" ಎಂದ ಯಂತ್ರದವನು.

"ಅದರೊಳಗೆ ಕಬ್ಬಿಣದ ಸರಳೂ ಇದ್ರೆ?"

"ಹಾಗ್ಯಾಕೆ ಇರುತ್ತೆ ಸಾರ್?"

"ಸುಮ್ನೆ ಕೇಳಿದೆ. ಜ್ಞಾನಕ್ಕೆ."

ಜ್ಞಾನ ಬಂದಂತೆಲ್ಲ ಭಾವನ ಮುಖದಿಂದ ರಕ್ತ ಇಳಿಯಿತು. ಅಷ್ಟರಲ್ಲಿ ಯಂತ್ರ ಕಿರ್ರೆಂದಿತು. ಹತ್ತಿರ ಯಾರ ಮೈಮೇಲೂ ಲೋಹ ಇರಬಾರದಂತೆ. ಭಾವ ಬೀಗದ ಕೈ ಗೊಂಚಲು ಇಟ್ಟರು, ಕೈಗಡಿಯಾರ ಇಟ್ಟರು, ಕೊನೆಗೆ ಸೊಂಟದ ಬೆಲ್ಟನ್ನೂ ಬಿಚ್ಚಿಟ್ಟರು. ಚಿಂತೆಯಲ್ಲಿ ಮೊದಲೇ ಬಡಕಲಾಗಿದ್ದ ಮನುಷ್ಯ. ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಎದೆ ಹಿಡಿದುಕೊಂಡು ಯಂತ್ರದ ಹಿಂದೆಯೇ ನಡೆದರು.

"ಇವತ್ತು ಮುಂದಿನ ಅಂಗಳ, ನಾಳಿದ್ದು ಹಿಂದಿನ ಹುಲ್ಲುಹಾಸು" ಎಂದ ಯಂತ್ರದವನು. "ಕಬ್ಬಿಣದ ಚೂರುಪಾರು ಬಿದ್ದಿರೋ ಜಾಗ ಆದ್ರೆ ಮಾತ್ರ ಕಷ್ಟ. ಎಲ್ಲಾ ಕಡೆ ಚುಕ್ಕೆ ಬಂದು ಏನೂ ತಿಳಿಯಲ್ಲ. ಅಂಥ ಜಾಗ ನಾವು ಕೈ ಬಿಟ್ಟುಬಿಡ್ತೀವಿ."

ಭಾವನ ಕೈಯಿಂದ ಪ್ಯಾಂಟು ಜಾರಿತು. ಅವರಿಗೆ ಅದು ತಿಳಿಯಲೂ ಇಲ್ಲ.

ತಲೆಯನ್ನೇ ತೆಗೆದುಬಿಡೋಣವೆಂದರೆ ತಂಡದವರ ಡೇರೆ, ಮೇಜು, ಚಹಾ ಫ್ಲಾಸ್ಕು ಎಲ್ಲ ಅದರ ಪಕ್ಕದಲ್ಲೇ ಇದ್ದವು. ರಾತ್ರಿಯೂ ಇಬ್ಬರು ಡೇರೆಯಲ್ಲೇ ಮಲಗುತ್ತಿದ್ದರು. ಆಳದ ಗುಂಡಿಯನ್ನು ಅಷ್ಟು ಜನರ ಕಣ್ಣೆದುರು ತೋಡುವಂತಿರಲಿಲ್ಲ. ಆದರೆ ಲಾಯದ ಮೂಲೆಯಲ್ಲಿ ಹಳೆಯ ಕುದುರೆ ಲಾಳಗಳ ಒಂದು ಪೆಟ್ಟಿಗೆಯಿತ್ತು. ಗಾತ್ರದ ಪ್ರಕಾರ ಜೋಡಿಸಿದ ಪೆಟ್ಟಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

"ಎಲ್ಲೆಂದರಲ್ಲಿ ಹೂತುಬಿಡೋದು, ಒಂದು ಚುಕ್ಕೆ ನೂರು ಚುಕ್ಕೆಯಲ್ಲಿ ಮುಳುಗಿಹೋಗುತ್ತೆ" ಎಂದು ಭಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಜೀವಮಾನದಲ್ಲಿ ಬಂದ ಒಂದೇ ಒಂದು ಒಳ್ಳೆಯ ಉಪಾಯ ಅದು. ಅದನ್ನು ಕೆಡಿಸಿದ್ದು ಅವರ ಜೀವಮಾನವೇ.

ಮರುದಿನ ತಂಡ ಮುಂದಿನ ಅಂಗಳದಲ್ಲಿದ್ದಾಗ ಭಾವ ಹಿಂದೆ ಲಾಳ ನೆಡಲು ನಿಂತರು. ಹುಲ್ಲಿನಲ್ಲಿ ಕೂತು ಸಣ್ಣ ಗುಂಡಿ ಮಾಡುವುದು ಅವರ ದಿನದ ಕೆಲಸ, ಯಾರಿಗೂ ಅನುಮಾನ ಬರುವಂತಿರಲಿಲ್ಲ. ಚಹಾಕ್ಕೆ ಬಂದ ಮೇಡಂ ಕೂಡ ನಿಂತು ಕೇಳಿದರು, "ಏನು ನೆಡ್ತಿದ್ದೀರಿ?"

"ಗ... ಗಡ್ಡೆ."

"ಹೂವಿನದ್ದಿರಬಹುದು" ಎಂದು ತಮಗೆ ತಾವೇ ಹೇಳಿಕೊಂಡು ಹೋದರು.

ಮೊದಲ ಲಾಳವನ್ನು ಭಾವ ಕಣ್ಣು ಮುಚ್ಚಿ ಎಸೆದು, ಬಿದ್ದಲ್ಲೇ ಹೂತರು. ಎರಡನೆಯದು ಮೊದಲನೆಯದಕ್ಕೆ ಸೊಟ್ಟಗೆ ಬಿತ್ತು. ಅದನ್ನು ನೋಡಿದರು. ನೋಡದಂತೆ ಪಕ್ಕಕ್ಕೆ ತಿರುಗಿದರು. ಮತ್ತೆ ನೋಡಿದರು. ಬೆರಳಿನಿಂದ ಒಂಚೂರು ಸರಿಸಿದರು. ನಾನು ಮನೆಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಎರಡು ಗೂಟ ನಿಂತಿದ್ದವು, ಗೂಟದಿಂದ ಗೂಟಕ್ಕೆ ದಾರ ಬಿಗಿದಿತ್ತು, ಭಾವ ಮೊಳ ಹಾಕಿ ಮೊಳ ಹಾಕಿ ಲಾಳ ಹೂಳುತ್ತಿದ್ದರು.

"ಭಾವ! ಚೆಲ್ಲಾಪಿಲ್ಲಿ ಇರಬೇಕು ಅಂದ್ರಲ್ಲಾ?"

"ಚೆಲ್ಲಾಪಿಲ್ಲಿಯಾದ್ರೂ ಒಂದು ಕ್ರಮ ಬೇಡವೇನೋ?" ಎಂದರು ಹಣೆಯ ಬೆವರು ಒರೆಸುತ್ತಾ. "ಕೈ ಬರ್ತಿಲ್ಲ ಕಣೋ. ನಿನ್ನಾಣೆ, ಕೈ ಬರ್ತಿಲ್ಲ."

ಸಂಜೆಗೆ ಪೆಟ್ಟಿಗೆ ಖಾಲಿ.

ಶುಕ್ರವಾರ ಸಂಜೆ ಟ್ರಸ್ಟಿನ ಕೋಣೆಯಲ್ಲಿ ಎಲ್ಲರೂ ಮೇಡಂನ ಕಂಪ್ಯೂಟರಿನ ಮೇಲೆ ಬಗ್ಗಿದ್ದೆವು. ಪರದೆಯ ಮೇಲೆ ಹಿಂದಿನ ಹುಲ್ಲುಹಾಸು ಬೂದುಬಣ್ಣದಲ್ಲಿ ಮೂಡಿತು. ಅದರ ನಡುವೆ, ಚದುರಂಗದ ಕಾಯಿ ಜೋಡಿಸಿದಂತೆ, ಎರಡು ನೇರ ಸಾಲು ಕಪ್ಪು ಚುಕ್ಕೆಗಳು. ಸಾಲುಗಳು ಮುಗಿಯುವಲ್ಲಿ, ಸರಿಯಾಗಿ ಮಧ್ಯದಲ್ಲಿ, ಸಿಂಹಾಸನ ಹಾಕಿದಂತೆ ಒಂದು ದೊಡ್ಡ ಕಪ್ಪು ಮಚ್ಚೆ.

ಭಾವ ಗೋಡೆ ಹಿಡಿದುಕೊಂಡರು. ತಮ್ಮ ಗುಟ್ಟಿಗೆ ತಾವೇ ಎರಡೂ ಬದಿ ದೀಪ ಹಚ್ಚಿ ದಾರಿ ಮಾಡಿಕೊಟ್ಟಿದ್ದರು.

"ಕಂಬಗಳು!" ಎಂದರು ಮಾವ. "ಕಂಬಗಳ ದರ್ಬಾರು ಹಜಾರ! ಆ ತುದೀಲಿ ಸಿಂಹಾಸನ! ಏನಂತೀರಾ ಮೇಡಂ?"

"ಇರಬಹುದು" ಎಂದರು ಮೇಡಂ. ಆದರೆ ಟೋಪಿ ತೆಗೆದು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು.

"ನನಗೆ ಯಾಕೋ ಬರೀ ಕಬ್ಬಿಣದ ಥರ ಕಾಣ್ತಿದೆ" ಎಂದ ಯಂತ್ರದವನು.

"ಕಂಬಕ್ಕೆ ಕಬ್ಬಿಣದ ಪಟ್ಟಿ ಇರಲಿಲ್ಲ ಅಂತ ನಿನಗೆ ಯಾರಯ್ಯಾ ಹೇಳಿದ್ದು?" ಎಂದು ಮಾವ ಗದರಿದರು.

"ಬಿದ್ದ ಕಬ್ಬಿಣ ಹೀಗೆ ಸಾಲಾಗಿ ಬೀಳಲ್ಲ" ಎಂದರು ಮೇಡಂ ಮೆಲ್ಲಗೆ. "ಇದು ಯೋಚನೆ ಮಾಡಿ, ಅಳತೆ ಹಿಡಿದು ಮಾಡಿದ ಕೆಲಸ. ತುಂಬ ಶಿಸ್ತಿನ ಜನ ಇರಬಹುದು."

ಮುಖಸ್ತುತಿಯೆಂಬುದು ಎಂಥ ವಿಷ ನೋಡಿ. ಆ ಗೋಡೆ ಹಿಡಿದ ಸ್ಥಿತಿಯಲ್ಲೂ ಭಾವನ ತುಟಿಯಲ್ಲಿ ಒಂದು ಸಣ್ಣ ನಗು ಸುಳಿದುಹೋಯಿತು.

"ಸೋಮವಾರವೇ ಅಗೆತ" ಎಂದು ಮಾವ ಸಾರಿದರು. "ಊರಿನ ದೊಡ್ಡವರನ್ನೆಲ್ಲ ಕರೀತೀನಿ. ಇನ್ಸ್‌ಪೆಕ್ಟರೂ ಬರಲಿ, ಬೆಲೆಬಾಳೋ ವಸ್ತು ಸಿಕ್ರೆ ಕಾವಲಿಗೆ. ಅಲ್ಲೇ, ಎಲ್ಲರ ಎದುರಿಗೇ, ನಿನ್ನ ಕಾಗದಕ್ಕೂ ಸಹಿ ಹಾಕಿಬಿಡ್ತೀನಿ ಕಣಯ್ಯಾ. ಏನಂತೀಯಾ?"

ಅಂದು ಮನೆಗೆ ಬಂದ ಭಾವ ಊಟ ಬಿಟ್ಟರು. "ಯಾಕ್ರೀ, ಮೈ ಹುಷಾರಿಲ್ವಾ? ಸಹಿ ಹಾಕ್ತೀನಿ ಅಂದಿದ್ದಾರಲ್ಲ ಮಾವ?" ಎಂದು ಅಕ್ಕ ಕೇಳಿದರೆ, "ಸಿಂಹಾಸನ" ಎಂದಷ್ಟೇ ಹೇಳಿ ಮಗ್ಗುಲಾದರು. ಅಕ್ಕ ನನ್ನನ್ನು ನೋಡಿದಳು. ನಾನು ಸೂರು ನೋಡಿದೆ.

ಸೋಮವಾರ ಹುಲ್ಲುಹಾಸಿನ ಸುತ್ತ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಮಾವ, ಪಕ್ಕದಲ್ಲಿ ಇನ್ಸ್‌ಪೆಕ್ಟರು, ಹಿಂದೆ ಊರಿನ ದೊಡ್ಡವರು, ಅವರ ಹಿಂದೆ ದೊಡ್ಡವರ ಜೊತೆ ಬಂದು ಕುರ್ಚಿ ಸಿಗದವರು. ಅಕ್ಕ ಎಲ್ಲರಿಗೂ ಚಹಾ ಕೊಡುತ್ತಿದ್ದಳು. ಭಾವ ಗುಂಡಿಯ ಅಂಚಿನಲ್ಲೇ ನಿಂತಿದ್ದರು, ತಾವೂ ಒಳಗೆ ಇಳಿಯಬೇಕಾಗಬಹುದೆಂಬಂತೆ.

ಹುಲ್ಲು ಸುಲಿದರು. ಮೇಡಂ ಮಂಡಿಯೂರಿ ಮೊದಲ 'ಕಂಬ'ದ ಮೇಲೆ ಕರಣೆ ಆಡಿಸಿದರು. ಟಣ್ ಎಂದಿತು.

"ಲಾಳ" ಎಂದರು ಮೇಡಂ.

ಎರಡನೆಯ ಕಂಬ. ಟಣ್. ಲಾಳ. ಮೂರನೆಯದು. ಲಾಳ. ಐದನೆಯದರ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ, "ಕುದುರೆ ನಿಂತಲ್ಲೇ ಹೂತುಹೋಯ್ತಾ ಅಂತ?" ಎಂದರು. ನಗು ಎದ್ದಿತು. ಮಾವನ ಕತ್ತು ಕೆಂಪಾಗಿ, ಆ ಕೆಂಪು ಕಿವಿಗೆ ಹತ್ತಿ, ತಲೆಯ ಬೋಳಿನ ಮೇಲೆ ಹರಡಿತು.

"ಮೇಡಂ! ಏನಿದು?"

ಮೇಡಂ ಒಂದು ಲಾಳವನ್ನು ತಿರುಗಿಸಿ ನೋಡಿದರು, ಅದರ ಗುಂಡಿಯ ಮಣ್ಣನ್ನು ಬೆರಳಲ್ಲಿ ಉಜ್ಜಿದರು. "ಮಣ್ಣು ಸಡಿಲ. ಇದು ಹಳೇದಲ್ಲ. ಯಾರೋ ಈಚೆಗೆ ಹೂತಿದ್ದಾರೆ. ಬೇಕಂತಲೇ." ಈ ಬಾರಿ 'ಇರಬಹುದು' ಇರಲಿಲ್ಲ, ಅದೇ ಭಯ ಹುಟ್ಟಿಸಿತು. ಆಮೇಲೆ ಅವರ ಕಣ್ಣು ಎರಡು ಸಾಲುಗಳ ನಡುವೆ ಹರಿದು ಕೊನೆಯಲ್ಲಿ ನಿಂತಿತು. "ಈ ಸಾಲು ಅಲ್ಲಿಗೆ ಕೈ ತೋರಿಸ್ತಿದೆ."

ಎಲ್ಲರೂ ಅಲ್ಲಿಗೆ ನೋಡಿದರು. ಕುರ್ಚಿಗಳು ಅಲ್ಲಿಗೆ ಸರಿದವು. ಭಾವ ಅಂಗೈ ಚಾಚಿ ಮೇಲೆ ನೋಡಿದರು. "ಮಳೆ ಬರೋ ಹಾಗಿದೆ, ಇವತ್ತಿಗೆ ಸಾಕು ಮಾಡಿದ್ರೆ..." ಎಂದರು. ಆಕಾಶದಲ್ಲಿ ಮೋಡವೆಂಬುದು ಔಷಧಿಗೂ ಇರಲಿಲ್ಲ.

ಕರಣೆ ಇಳಿಯುತ್ತಾ ಹೋಯಿತು. ಸುತ್ತಲ ಹಳದಿ ಮಣ್ಣಿನ ನಡುವೆ ಗುಂಡಿಯ ಕಪ್ಪು ಮಣ್ಣು ಬೇರೆಯಾಗಿ ಕಾಣುತ್ತಿತ್ತು. ಅಂಚು ನಾಲ್ಕೂ ಕಡೆ ನೇರ, ಮೂಲೆಗಳು ಮೂಲೆಮಟ್ಟ ಇಟ್ಟು ಕೊರೆದಂತೆ. "ಇಷ್ಟು ಚೆಂದದ ಗುಂಡಿ ನಾನು ಸರ್ವಿಸ್‌ನಲ್ಲೇ ನೋಡಿಲ್ಲ" ಎಂದ ಯಂತ್ರದವನು. ಆಮೇಲೆ ಮಣ್ಣಿನಿಂದ ಪ್ಲಾಸ್ಟಿಕ್ ಚೀಲದ ಒಂದು ಮೂಲೆ ಹೊರಬಂತು, ಆಮೇಲೆ ಇಡೀ ಚೀಲ. ಗುಂಡಗೆ, ಭಾರವಾಗಿ, ತಲೆಯ ಗಾತ್ರದ್ದು.

ಇನ್ಸ್‌ಪೆಕ್ಟರು ಎದ್ದು ನಿಂತರು. "ಯಾರೂ ಮುಟ್ಟಬೇಡಿ. ತಲೆ ಇದ್ದ ಹಾಗಿದೆ."

ಒಬ್ಬರು ದೊಡ್ಡವರು ಚಹಾ ಲೋಟ ಕೈಬಿಟ್ಟರು.

ಚೀಲವನ್ನು ಮೇಲೆತ್ತಿ ಮೇಜಿನ ಮೇಲಿಟ್ಟರು. ಬಾಯಿ ಬಿಚ್ಚಬೇಕು. ಯಂತ್ರದವನು ಉಗುರು ಹಾಕಿದ, ಉಗುರು ಮುರಿಯಿತು. ಇನ್ಸ್‌ಪೆಕ್ಟರು ಹಲ್ಲು ಹಾಕಿ, ದವಡೆ ಹಿಡಿದುಕೊಂಡು ಹಿಂದೆ ಸರಿದರು. "ಕತ್ತರಿಸಬೇಡಿ, ಗಂಟೂ ಒಂದು ಸಾಕ್ಷಿ" ಎಂದರು ಮೇಡಂ. ಯಾರಿಗೂ ಬರಲಿಲ್ಲ. ಟ್ರೇ ಹಿಡಿದು ಹತ್ತಿರದಲ್ಲೇ ನಿಂತಿದ್ದ ಅಕ್ಕ, ಮನೆಯಲ್ಲಿ ದಿನಕ್ಕೆ ಹತ್ತು ಸಲ ಮಾಡುವವಳಂತೆ, ಏನೂ ಯೋಚಿಸದೆ ಕೈ ಚಾಚಿ, ಎಡ ತುದಿಯನ್ನು ಒಳಕ್ಕೆ ತಳ್ಳಿ ಬಲ ತುದಿಯನ್ನು ಒಮ್ಮೆ ಜಗ್ಗಿದಳು.

ಗಂಟು ಬಿಚ್ಚಿಕೊಂಡಿತು.

ಅಕ್ಕನ ಕೈ ಅಲ್ಲೇ ನಿಂತುಬಿಟ್ಟಿತು. ಸುಟ್ಟು ಗುಂಡಗಾದ ಎರಡು ತುದಿಗಳನ್ನು ನೋಡಿದಳು. ಒಂದೇ ಉದ್ದ. ನಿಧಾನವಾಗಿ ಕತ್ತೆತ್ತಿ ಗಂಡನನ್ನು ನೋಡಿದಳು. ಭಾವ ತಮ್ಮ ಬೂಟನ್ನು ನೋಡಿಕೊಂಡರು. ಆ ಕ್ಷಣದಲ್ಲಿ ನಾವು ಎರಡು ಕೋಣೆ ಖಾಲಿ ಮಾಡಿ ಬೀದಿಗೆ ಬಂದು ನಿಂತದ್ದು ನನ್ನ ಕಣ್ಣಿಗೆ ಕಟ್ಟಿತು. ಪಾತ್ರೆಗಳನ್ನು ಭಾವ ಗಾತ್ರದ ಪ್ರಕಾರ ಬೀದಿಯಲ್ಲಿ ಜೋಡಿಸುತ್ತಿದ್ದರು.

ಚೀಲ ಕೆಳಕ್ಕೆ ಜಾರಿತು. ಮಾವನ ಎದುರಿಗೆ ಮಾವ ಪ್ರತ್ಯಕ್ಷರಾದರು, ಹೊಳ್ಳೆಗಳು ಆಕಾಶಕ್ಕೆ.

ಮಾವ ನೋಡಿದರು. ಹತ್ತಿರ ಬಂದು ನೋಡಿದರು. ತಮ್ಮ ಮೂಗನ್ನು ಮುಟ್ಟಿಕೊಂಡು ನೋಡಿದರು. ಭಾವ ಒಂದು ಹೆಜ್ಜೆ ಮುಂದಿಟ್ಟು, "ಮಾವ, ನಾನು ಹೇಳಿಬಿಡ್ತೀನಿ, ಅವತ್ತು..." ಎಂದರು.

"ನೀನು ಬಾಯಿ ಮುಚ್ಚಯ್ಯಾ!" ಮಾವನ ಕಣ್ಣಲ್ಲಿ ನೀರಾಡಿತು. "ನನಗೆ ಎಲ್ಲಾ ಅರ್ಥವಾಯ್ತು. ಕಳ್ಳ ಇದನ್ನ ಮಾರಲಿಲ್ಲ! ಮಾರಕ್ಕೆ ಮನಸ್ಸು ಬಂದಿಲ್ಲ ಅವನಿಗೆ! ನಿಧಿ ಥರ ಹೂತಿಟ್ಟಿದ್ದಾನೆ. ಜಾಗ ಮರೀಬಾರದು ಅಂತ ಲಾಳದ ಗುರುತು ಹಾಕಿದ್ದಾನೆ. ಆ ಗಂಟು ನೋಡಿ, ಎಂಥ ಭಕ್ತಿ! ಇನ್ಸ್‌ಪೆಕ್ಟರೇ, ಏನಂತೀರಾ?"

"ಅವನು ಮತ್ತೆ ಬರ್ತಾನೆ" ಎಂದರು ಇನ್ಸ್‌ಪೆಕ್ಟರು ದವಡೆ ಸವರುತ್ತಾ.

ಮೇಡಂ ಮಾತ್ರ ಭೂತಗನ್ನಡಿ ಹಿಡಿದು ಮಣ್ಣಿನ ಮೂಗಿನ ಮೇಲೆ ಬಗ್ಗಿದ್ದರು. ಕರಣೆಯ ತುದಿಯಿಂದ ಮೆಲ್ಲಗೆ ಕೆರೆದರು.

"ಇದು ಸ್ವಾರಸ್ಯವಾಗಿದೆ" ಎಂದರು. "ಮೂಗು ಮುರಿದಿದೆ, ಅಂಟಿಸಿದ್ದಾರೆ. ಆದರೆ ಒಂದು ಸಲ ಅಲ್ಲ. ಎರಡು ಪದರ ಇದೆ. ಮೇಲಿಂದು ಬಡಗಿಯ ಅಂಟು. ಅದರ ಕೆಳಗೆ, ಅಂದ್ರೆ ಅದಕ್ಕಿಂತ ಮೊದಲೇ ಹಾಕಿದ್ದು, ಗೋಧಿ ಹಿಟ್ಟು ಕುದಿಸಿದ ಅಂಟು. ಅಡುಗೆಮನೆಯದ್ದು. ಕೆಲಸದ ರೀತಿಯೇ ಬೇರೆ. ಇಬ್ಬರು ಬೇರೆ ಬೇರೆ ಜನ ಇರಬಹುದು."

ಟ್ರೇಯ ಮೇಲಿನ ಲೋಟಗಳು ಒಮ್ಮೆಲೇ ಗಲಗಲ ಎಂದವು.

ಭಾವ ತಲೆಯೆತ್ತಿದರು. ಈಗ ತಮ್ಮ ಚಪ್ಪಲಿ ನೋಡಿಕೊಳ್ಳುವ ಸರದಿ ಅಕ್ಕನದು. ಬರೀ ಧೂಳೊರೆಸಿದರೆ ಮೂಗೇಕೆ ಕೈಗೆ ಬಂತು ಎಂದು ಒಂದು ವರ್ಷದಿಂದ ತಮ್ಮ ಕೈಯನ್ನು ತಾವೇ ಬೈದುಕೊಂಡಿದ್ದ ಮನುಷ್ಯ. ಕಳುವಾದ ದಿನ ಅಕ್ಕ ಕಣ್ಣೀರಿನ ಕೋಡಿ ಹರಿಸಿದ್ದು ದುಃಖಕ್ಕೋ, ನೆಮ್ಮದಿಗೋ ಎಂದು ನನಗೂ ಆಗಲೇ ಹೊಳೆದದ್ದು.

"ಇಬ್ಬರು!" ಎಂದು ಮಾವ ಗರ್ಜಿಸಿದರು. "ಒಬ್ಬ ಕಳ್ಳ ಅಲ್ಲ, ಕಳ್ಳರ ಗುಂಪು! ನನ್ನ ಒಂದು ಕೃತಿಗೆ ಇಡೀ ಗುಂಪು!" ಹಿಂದಿನ ಸಾಲಿನವರು ನಗುವುದನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಆ ಭರದಲ್ಲೇ ಮಾವ ಪೆನ್ನು ತೆಗೆದು ಭಾವನ ಕಾಗದವನ್ನು ಭಾವನ ಬೆನ್ನ ಮೇಲೆಯೇ ಇಟ್ಟು ಸಹಿ ಜಡಿದರು. ತಲೆಯನ್ನು ಬಂಗಲೆಯ ಹಜಾರದಲ್ಲಿ ಪೀಠದ ಮೇಲಿಡಬೇಕು, ಮೂಗು ಹಾಗೇ ಇರಲಿ, ಅದು ಈಗ ಇತಿಹಾಸ. ದಿನವೂ ಧೂಳೊರೆಸುವುದು ಭಾವನ ಹೊಣೆ. "ಜೀವ ಕೊಟ್ಟಾದ್ರೂ ಕಾಯಬೇಕು. ಅವರು ಮತ್ತೆ ಬರ್ತಾರೆ, ಅಲ್ವಾ ಮೇಡಂ?"

ಮೇಡಂ ಆಗಲೇ ಗುಂಡಿಗೆ ಇಳಿದಿದ್ದರು. ಅದರ ತಳದಲ್ಲಿ ಸಣ್ಣ ಹಳೆಯ ಇಟ್ಟಿಗೆಗಳ ಒಂದು ಸಾಲು ಇಣುಕಿತ್ತು. ಸುಟ್ಟುಹೋದ ಮೊದಲ ಮನೆಯ ಮೋರಿಯ ಅಂಚು, ಅವರು ಹುಡುಕಿಕೊಂಡು ಬಂದದ್ದು ಅದನ್ನೇ. ಅದರತ್ತ ಯಾರೂ ತಿರುಗಿ ನೋಡಲಿಲ್ಲ. ಮೇಡಂ ಇಟ್ಟಿಗೆಯ ಮೇಲಿನ ಮಣ್ಣನ್ನು ಕುಂಚದಿಂದ ಗುಡಿಸಿ, ಕತ್ತೆತ್ತಿದರು. ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಗುಂಡಿಯ ಅಂಚಿನಲ್ಲಿ, ಭಾವನ ಬೂಟುಗಳಿದ್ದವು. ಬೂಟಿನ ಲಾಡಿಗೆ ಮೂರು ಸುತ್ತಿನ ಗಂಟು. ತುದಿಗಳು ಒಂದೇ ಉದ್ದ, ಸುಟ್ಟು ಗುಂಡಗೆ.

ಮೇಡಂ ಅದನ್ನು ಬಹಳ ಹೊತ್ತು ನೋಡಿದರು.

"ಆಗಲೇ ಬಂದಿರಬಹುದು" ಎಂದು ಮತ್ತೆ ಇಟ್ಟಿಗೆಯತ್ತ ಬಗ್ಗಿದರು.

ಜನ ಕರಗಿದ ಮೇಲೆ ಇನ್ಸ್‌ಪೆಕ್ಟರು ಭಾವನನ್ನೂ ಅಕ್ಕನನ್ನೂ ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ನೋಡಿ, ನೀವಿಬ್ಬರೂ ಇಲ್ಲೇ ಇರೋರು. ಅವರು ಇಬ್ಬರು ಅನ್ನೋದು ಗೊತ್ತಾಯ್ತು. ಒಬ್ಬನಿಗೆ ಅಡುಗೆಮನೆ ಕೆಲಸ ಬರುತ್ತೆ, ಇನ್ನೊಬ್ಬನಿಗೆ ಗಂಟು ಹಾಕೋ ಹುಚ್ಚು. ನನ್ನ ಲೆಕ್ಕದಲ್ಲಿ ಒಬ್ಬನ ಕೆಲಸ ಇನ್ನೊಬ್ಬನಿಗೆ ಗೊತ್ತಿಲ್ಲ. ಆದರೂ ಜೊತೆಯಾಗೇ ಓಡಾಡ್ತಿರ್ತಾರೆ. ಅಂಥವರು ಎಲ್ಲಾದ್ರೂ ಕಣ್ಣಿಗೆ ಬಿದ್ರೆ ತಕ್ಷಣ ನನಗೆ ತಿಳಿಸ್ಬೇಕು."

ಅಕ್ಕ ಭಾವನನ್ನು ನೋಡಿದಳು. ಭಾವ ಅಕ್ಕನನ್ನು ನೋಡಿದರು.

"ತಿಳಿಸ್ತೀವಿ" ಎಂದರು ಇಬ್ಬರೂ ಒಂದೇ ದನಿಯಲ್ಲಿ.